ಬೀಳುವವನ ಕೈ

ನನ್ನ ಗಂಡನ ಕಸುಬು ಬೀಳುವುದು. ಮದುವೆಗೆ ಮುಂಚೆ ನಮ್ಮ ಕಡೆಯವರು ವಿಚಾರಿಸಿದಾಗ ಯಾರೋ "ಹುಡುಗ ಸಿನಿಮಾದಲ್ಲಿದ್ದಾನೆ" ಅಂದರಂತೆ. ನಮ್ಮಮ್ಮ ಹಿಗ್ಗಿ ಹೀರೇಕಾಯಿಯಾದಳು. ಸಿನಿಮಾದಲ್ಲಿ ಏನು ಮಾಡುತ್ತಾನೆ ಎಂದು ಕೇಳುವ ಬುದ್ಧಿ ಒಬ್ಬರಿಗೂ ಬರಲಿಲ್ಲ. ಮಹಡಿಯಿಂದ ಬೀಳುವುದು, ಮೆಟ್ಟಿಲ ಮೇಲಿಂದ ಉರುಳುವುದು, ನಾಯಕ ಗುದ್ದಿದರೆ ಕಿಟಕಿಯ ಗಾಜಿನ ಸಮೇತ ಆಚೆ ಹೋಗುವುದು, ಇದಿಷ್ಟು ಇವರ ಪಾತ್ರ. ಜೊತೆಯವರು ಇಟ್ಟ ಹೆಸರು ಧೊಪ್ಪಣ್ಣ. ಮೊದಮೊದಲು ಆ ಹೆಸರು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಈಗ ಗ್ಯಾಸ್ ಸಿಲಿಂಡರ್ ತರುವವನೂ ಕೆಳಗಿನಿಂದ ಹಾಗೇ ಕೂಗುತ್ತಾನೆ, ನಾನೇ ಓಗೊಡುತ್ತೇನೆ.

ಕೂತಲ್ಲಿ ಕೂರುವ ಜಾತಿಯಲ್ಲ ಇವರದು. ಊಟವೂ ನಿಂತೇ. ಯಾರ ಮನೆಗೆ ಹೋದರೂ ಮೊದಲು ನೆಲ ನೋಡುತ್ತಾರೆ, ಆಮೇಲೆ ಮನೆಯವರ ಮುಖ. ಗೋಡೆ ಕಂಡರೆ ಕಣ್ಣಲ್ಲೇ ಎತ್ತರ ಅಳೆಯುತ್ತಾರೆ. ನಾನು ಬಟ್ಟೆ ಆಲ್ಟ್ರೇಷನ್ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂರುವವಳು. ಒಬ್ಬರು ಕೂರುವುದಿಲ್ಲ, ಒಬ್ಬರು ಏಳುವುದಿಲ್ಲ, ಜೋಡಿ ಸರಿಯಾಗಿದೆ ಎಂದು ಅತ್ತೆ ನಗುತ್ತಿದ್ದರು. ಅತ್ತೆ ನಮ್ಮ ಜೊತೆಯಲ್ಲೇ ಇರುವುದು. ಗಿಡ್ಡ ಆಳು, ಚುರುಕು ಕಣ್ಣು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು.

ಸಿನಿಮಾದಲ್ಲಿ ಬೀಳುವ ಕೆಲಸ ಕಡಿಮೆಯಾಗುತ್ತ ಬಂತು. ಈಗ ಕಂಪ್ಯೂಟರೇ ಬೀಳುತ್ತದಂತೆ. ಆದರೆ ಕಂಪ್ಯೂಟರಿಗೆ ಬೀಳುವುದನ್ನು ಕಲಿಸುವವರು ಬೇಕಲ್ಲ. ಹಾಗಾಗಿ ಒಂದು ವಿಡಿಯೋ ಗೇಮ್ ಕಂಪನಿಯವರು ಇವರನ್ನು ಕರೆಸಿದರು. ಯುದ್ಧದ ಆಟ. ಆಡುವವನ ಕೈಗೆ ಬಂದೂಕು ಕೊಟ್ಟು ಎದುರಿಗೆ ಬಂದವರನ್ನೆಲ್ಲ ಹೊಡೆಯಲು ಬಿಡುವ ಜಾತಿಯದು.

ಕೆಲಸದ ಜಾಗ ಒಂದು ಹಳೆಯ ಗೋದಾಮು. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ, ಸುತ್ತ ಕಂಬಗಳ ಮೇಲೆ ಕ್ಯಾಮೆರಾ. ಮೈಗಂಟುವ ಕಪ್ಪು ಉಡುಪು ತೊಡಿಸಿ ಅದರ ಮೇಲೆ ಬಟಾಣಿ ಗಾತ್ರದ ಹೊಳೆಯುವ ಗುಂಡುಗಳನ್ನು ಅಂಟಿಸುತ್ತಾರೆ. ಕ್ಯಾಮೆರಾ ನೋಡುವುದು ಆ ಗುಂಡುಗಳನ್ನು ಮಾತ್ರ, ಮನುಷ್ಯನನ್ನಲ್ಲ. ಹೀಗೆ ಮೈಯ ಚಲನೆಯನ್ನು ಎತ್ತಿಕೊಂಡು ಆಟದ ಗೊಂಬೆಗೆ ಹಾಕುವುದು. ಇವರು ಬಿದ್ದು ಬಿದ್ದು ಆ ಉಡುಪಿನ ಮೊಣಕಾಲು ಹರಿಯುತ್ತಿತ್ತು, ಹೊಲಿಯುವವಳು ನಾನು. ಗುಂಡು ಬೆರಳಗಲ ಆಚೀಚೆ ಆದರೆ ಗೊಂಬೆಗೆ ಮೊಣಕಾಲು ತೊಡೆಯಲ್ಲಿ ಬರುತ್ತದೆ ಎಂದು ಹೆದರಿಸಿದ್ದರು.

ಅಲ್ಲೊಂದು ಪದ್ಧತಿ ಇತ್ತು. ಪ್ರತಿ ಸಲ ಶುರು ಮಾಡುವಾಗಲೂ ಮುಗಿಸುವಾಗಲೂ ಕೈ ಎರಡೂ ಪಕ್ಕಕ್ಕೆ ಚಾಚಿ, ಬಟ್ಟೆ ಒಣಹಾಕುವ ಗೂಟದ ಹಾಗೆ ಒಂದು ಕ್ಷಣ ನಿಲ್ಲಬೇಕು. ಕೊನೆಯಲ್ಲಿ ಕೈ ಚಾಚಿದರೇ ಮುಗಿಯಿತು ಅಂತ. ಚಾಚುವ ತನಕ ಕ್ಯಾಮೆರಾ ಓಡುತ್ತಲೇ ಇರುತ್ತದೆ.

ಕಂಪನಿಗೆ ಬಡತನವೋ ಜಿಪುಣತನವೋ, ಇಡೀ ಆಟಕ್ಕೆ ಮೈ ಇವರೊಬ್ಬರದೇ. ನಮ್ಮ ಕಡೆ ಸೈನಿಕರೂ ಇವರೇ, ಶತ್ರುಗಳೂ ಇವರೇ.

"ಅಂದ್ರೆ ನೀವೇ ಹೊಡೆದು ನೀವೇ ಸಾಯೋದಾ?" ಅಂದೆ.

"ಎರಡೂ ಕಡೆ ಸಂಬಳ ಒಂದೇ ಕಣೇ," ಅಂದರು.

ಡೈರೆಕ್ಟರ್ ಎಂಬಾತನಿಗೆ ಒಂದೇ ಹುಚ್ಚು, ಎಲ್ಲ ರಿಯಲ್ ಆಗಿರಬೇಕು. ಇವರು ಸಿನಿಮಾ ಅಭ್ಯಾಸದಲ್ಲಿ ಗುಂಡೇಟಿಗೆ ಹಾರಿ, ಗಾಳಿಯಲ್ಲಿ ತಿರುಗಿ ಬಿದ್ದರೆ ಆತ ತಲೆ ಹಿಡಿದುಕೊಳ್ಳುತ್ತಿದ್ದ. "ರಿಯಲ್ ಇಲ್ಲ, ಇನ್ನೊಂದ್ಸಲ." ನಿಜ ಹೇಗಿರುತ್ತದೆ ಎಂದು ಹೇಳಲು ನಿವೃತ್ತ ಸೈನಿಕರೊಬ್ಬರನ್ನು ಕೂರಿಸಿದ್ದರು. ಎಲ್ಲರೂ ಅವರನ್ನು ಮಿಲಿಟರಿಯವರು ಅಂತಲೇ ಕರೆಯುತ್ತಿದ್ದರು. ಮಾತು ಕಡಿಮೆ, ಚಹಾ ಜಾಸ್ತಿ.

ಹೊಲಿದ ಉಡುಪು ಕೊಡಲು ಹೋದ ದಿನ ಅರ್ಧ ತಯಾರಾದ ಆಟವನ್ನು ನಾನೂ ನೋಡಿದೆ. ಬಂದೂಕಿನ ತಿರುಪು ತಿರುಪೂ ಅಸಲಿ, ಬೂಟಿನ ದಾರದ ಗಂಟೂ ಅಸಲಿ. ಎದೆಗೆ ಗುಂಡು ತಿಂದ ಸೈನಿಕ ಮಾತ್ರ ಗೋಡೆಯ ಮರೆಯಲ್ಲಿ ಸ್ವಲ್ಪ ಹೊತ್ತು ಸುಧಾರಿಸಿಕೊಂಡ, ಎದ್ದ, ಓಡಿದ! ಬೀದಿಯ ತುಂಬ ಮನೆಗಳಿದ್ದವು, ಒಂದರಲ್ಲೂ ಅಡುಗೆಮನೆ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಇವ್ರೆಲ್ಲ ಊಟ ಎಲ್ಲಿ ಮಾಡ್ತಾರೆ?" ಅಂದೆ.

ಡೈರೆಕ್ಟರ್ ನನ್ನನ್ನು ಹುಳ ನೋಡುವ ಹಾಗೆ ನೋಡಿದ. ಮಿಲಿಟರಿಯವರು ಚಹಾ ಲೋಟ ಕೆಳಗಿಟ್ಟು, "ಪೂರ್ತಿ ನಿಜ ಬೇಕು ಅಂದ್ರೆ ದಿನಗಟ್ಟಲೆ ಏನೂ ಆಗಬಾರ್ದು ತಾಯಿ. ಬೂಟಲ್ಲಿ ನೀರಿರ್ಬೇಕು, ಹೊಟ್ಟೆ ಕೆಟ್ಟಿರ್ಬೇಕು, ಹೊಂಡದಲ್ಲಿ ಕಾಯ್ತಾ ಕೂತಿರ್ಬೇಕು. ದುಡ್ಡು ಕೊಟ್ಟು ಯಾರು ಆಡ್ತಾರೆ ಅದನ್ನ?" ಅಂದರು.

"ಬೇಕಾಗಿರೋದು ನಿಜ ಅಲ್ಲ ಸಾರ್. ನಿಜ ಅಂತ ಅನ್ನಿಸ್ಬೇಕು," ಅಂದ ಡೈರೆಕ್ಟರ್.

ಆ ಮಾತು ಅಲ್ಲಿಗೆ ಬಿಟ್ಟು ಮಾವನ ವಿಷಯ ಹೇಳಬೇಕು. ಮಾವ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುತ್ತಿದ್ದವರು. ಹೊಸದಾಗಿ ಕೆಲಸಕ್ಕೆ ಸೇರಿದಾಗ ಜೊತೆಯವರು ತಮಾಷೆಗೆ ಕುರ್ಚಿ ಎಳೆದು ಕೆಡವಿದ್ದರಂತೆ. ಅಂದಿನಿಂದ ಸಾಯುವ ತನಕ ಅವರು ಎಲ್ಲೇ ಕೂರಲಿ, ಎಡಗೈಯನ್ನು ಹಿಂದಕ್ಕೆ ಚಾಚಿ ಎರಡು ಸಲ ತಟ್ಟಿ, ಕುರ್ಚಿ ಇದೆ ಎಂದು ಖಾತ್ರಿ ಮಾಡಿಕೊಂಡೇ ಕೂರುತ್ತಿದ್ದರು. ಸೋಫಾ ಆದರೂ ಅಷ್ಟೆ, ಬಸ್ಸಿನ ಸೀಟಾದರೂ ಅಷ್ಟೆ. "ಕುರ್ಚಿ ಓಡಿ ಹೋಗಲ್ಲ, ಕೂತ್ಕೊಳ್ರೀ," ಎಂದು ಅತ್ತೆ ಜನ್ಮವಿಡೀ ರೇಗಿಸಿದರು.

ಅಡುಗೆಮನೆಯ ಬಾಗಿಲ ಪಕ್ಕ ಅವರದೊಂದು ಮರದ ಕುರ್ಚಿ ಇತ್ತು. ಬೆಳಿಗ್ಗೆ ಬಂದು ಅದರ ಮೇಲೆ ಕೂತು ಚಹಾ ಕುಡಿಯುವುದು ರೂಢಿ. ಆವತ್ತು ಅತ್ತೆ ಕಂಬಳಿ ಒಗೆದಿದ್ದರು. ತಾರಸಿಯ ತಂತಿ ಅವರ ಕೈಗೆ ಎಟುಕುವುದಿಲ್ಲ. ಮೇಲೆ ನಿಂತು ಹರವಲು ಆ ಕುರ್ಚಿ ಎತ್ತಿಕೊಂಡು ಹೋದರು. ಮಾವ ಎಂದಿನಂತೆ ಬಂದರು. ಮುಖ ಒಂದು ಥರ ಆಗಿತ್ತಂತೆ. ತಿರುಗಿ ನಿಂತು ಕೈ ಹಿಂದಕ್ಕೆ ಚಾಚಿ ತಟ್ಟಿದರು, ಇಲ್ಲ. ಇನ್ನೊಂದು ಸಲ ಗಾಳಿಯನ್ನೇ ತಟ್ಟಿದರು. ಮೊಣಕಾಲು ಮಡಿಚಿತು, ಕುಸಿದರು. ತಲೆಯ ಹಿಂಭಾಗ ಹೊಸ್ತಿಲಿಗೆ ಬಡಿಯಿತು. ಇವರು ಅಡುಗೆಮನೆಯೊಳಗೇ ಇದ್ದರು, ಹಾರಿ ಹಿಡಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅತ್ತೆ ಕೆಳಗಿಳಿದು ಬರುವ ಮೊದಲೇ ಇವರು ಅಪ್ಪನನ್ನು ಎತ್ತಿ ಮಂಚದ ಮೇಲೆ ಮಲಗಿಸಿ ತಲೆದಿಂಬು ಕೊಟ್ಟರು. "ಮಲಗಿದ್ದವರು ಹಾಗೇ ಹೋದ್ರಮ್ಮ," ಅಂದರು. ಡಾಕ್ಟರು ಹೃದಯ ಅಂದರು. ಕುಸಿದದ್ದು ಹೃದಯದಿಂದಲೋ, ಹೋದದ್ದು ಹೊಸ್ತಿಲಿನಿಂದಲೋ, ಕೇಳಿದವರಿಲ್ಲ. ಕುರ್ಚಿ ತೆಗೆದವಳು ತಾನು ಎಂದು ಗೊತ್ತಾದರೆ ಅಮ್ಮ ಉಳಿಯುವುದಿಲ್ಲ ಎಂಬುದು ಇವರ ಹೆದರಿಕೆ. ನನಗೆ ಮಾತ್ರ ಹೇಳಿ ಬಾಯಿಗೆ ಬೀಗ ಹಾಕಿಸಿದರು. ಅತ್ತೆ ನೆಂಟರಿಗೆಲ್ಲ "ಪುಣ್ಯವಂತರು, ನಿದ್ದೆಯಲ್ಲೇ ಹೋದ್ರು" ಎಂದು ಹೇಳಿಕೊಂಡು ಹೇಗೋ ಗಟ್ಟಿಯಾದರು. ವರ್ಷಗಳು ಕಳೆದವು.

ಇನ್ನು ಗೋದಾಮಿಗೆ ವಾಪಸ್ಸು. ಒಂದು ಮಧ್ಯಾಹ್ನ ಒಂದೇ ಸಾವನ್ನು ಬೆಳಗಿನಿಂದ ಬಿದ್ದು ಬಿದ್ದು ಇವರಿಗೆ ಸಾಕಾಗಿತ್ತು. ಡೈರೆಕ್ಟರ್ ಬೇಸತ್ತು ಫೋನಿಗೆ ಎದ್ದು ಹೋದ. ಮಿಲಿಟರಿಯವರು ಹತ್ತಿರ ಬಂದು ಮೆಲ್ಲಗೆ, "ಸಿನಿಮಾ ಬಿಡಿ. ನಿಜವಾಗ್ಲೂ ಒಬ್ಬ ಮನುಷ್ಯ ಬೀಳೋದನ್ನ ಯಾವತ್ತಾದ್ರೂ ನೋಡಿದೀರಾ?" ಎಂದು ಕೇಳಿದರು.

ಇವರು ಹೂಂ ಅಂದರು. ಯಾರಿಗೂ ತೋರಿಸದಿದ್ದದ್ದನ್ನು ಅಲ್ಲೇ ನಿಂತು ತೋರಿಸಿದರು. ತಿರುಗಿದ್ದು, ಕೈ ಹಿಂದಕ್ಕೆ ಹೋದದ್ದು, ತಟ್ಟಿದ್ದು, ಕುಸಿದದ್ದು. ತಲೆ ಬಡಿದದ್ದನ್ನು ಮಾತ್ರ ಬಿಟ್ಟರು. ಮಿಲಿಟರಿಯವರು "ಹೀಗೇ. ಏನೋ ಹುಡುಕ್ತಾರೆ. ಎಲ್ಲರೂ ಏನೋ ಒಂದು ಹುಡುಕ್ತಾರೆ," ಎಂದು ಹೊರಗೆ ಹೋದರಂತೆ.

ಹಿಂದಿನ ಸಲ ಬಿದ್ದು ಎದ್ದಾಗ ಮುಗಿಯಿತು ಅಂತ ತಾವು ಕೈ ಚಾಚಿ ನಿಂತಿರಲಿಲ್ಲ ಎಂಬುದು ಇವರಿಗೆ ನೆನಪಾಗಲೇ ಇಲ್ಲ. ಕ್ಯಾಮೆರಾ ಅಷ್ಟನ್ನೂ ಎತ್ತಿಕೊಂಡಿತ್ತು.

ಕೆಲವು ದಿನ ಬಿಟ್ಟು ಡೈರೆಕ್ಟರ್ ಇವರನ್ನು ಕರೆಸಿ ಬೆನ್ನು ತಟ್ಟಿದ. ಪರದೆಯ ಮೇಲೆ ಶತ್ರು ಸೈನಿಕನೊಬ್ಬ ಗುಂಡೇಟು ತಿಂದು, ಎಡಗೈ ಹಿಂದಕ್ಕೆ ಚಾಚಿ, ಇಲ್ಲದ ಕುರ್ಚಿಯನ್ನು ಎರಡು ಸಲ ತಟ್ಟಿ ಕುಸಿದ. ಅವನ ಪಕ್ಕದವನೂ ಹಾಗೇ ಕುಸಿದ. ಆಮೇಲೆ ನಮ್ಮ ಕಡೆಯವನು.

ಅಂದಿನಿಂದ ಇವರು ಬಾಲ ಸುಟ್ಟ ಬೆಕ್ಕಾದರು. ಒಂದು ಕೋಣೆಯಲ್ಲಿ ನಿಂತವರು ಇನ್ನೊಂದರಲ್ಲಿ. ಚಹಾ ಕೇಳಿ ಕುಡಿಯದೆ ಬೀದಿಗೆ ಹೋಗುವುದು, ಬೀದಿಯಿಂದ ಬಂದು ಮತ್ತೆ ಚಹಾ ಕೇಳುವುದು.

"ಯಾಕೋ, ಅಂಗಾಲಲ್ಲಿ ಮುಳ್ಳೇನೋ?" ಎಂದರು ಅತ್ತೆ.

"ನಾನೇನೂ ಮಾಡಿಲ್ವಲ್ಲಮ್ಮ!" ಅಂದರು ಇವರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಅಂದರೆ ಇದೇ. ನನಗೆ ರೇಗಿತು. ಒಳಗೆ ಕರೆದುಕೊಂಡು ಹೋಗಿ, "ಅತ್ತೆ ಆ ಆಟ ಆಡೋಕೆ ಹೋಗ್ತಾರಾ? ಸುಮ್ನಿರ್ರೀ," ಅಂದೆ.

"ಒಂದು ಸಲ ಕಣ್ಣಿಗೆ ಬಿದ್ರೆ ಸಾಕು ಕಣೇ. ಆ ಕೈನ ಅಮ್ಮ ನಿದ್ದೆಗಣ್ಣಲ್ಲೂ ಗುರುತು ಹಿಡೀತಾಳೆ."

ಅದು ನಿಜವೇ ಆಗಿತ್ತು, ಹಾಗಾಗಿ ನನಗೆ ಇನ್ನೂ ಸಿಟ್ಟು ಬಂತು.

ಮರುದಿನ ಗೋದಾಮಿಗೆ ಹೋಗಿ ಕೇಳಿಕೊಂಡರು. ನಾನೂ ಜೊತೆಗಿದ್ದೆ. ಬೀಳುವುದಿರಲಿ, ಆ ಕೈಯೊಂದನ್ನು ತೆಗೆಯಿರಿ, ಬೇಕಾದರೆ ಹೊಸದಾಗಿ ಎಷ್ಟು ಸಲವಾದರೂ ಬೀಳುತ್ತೇನೆ, ಕೂಲಿ ಬೇಡ ಎಂದರು. ಡೈರೆಕ್ಟರ್ ಕೆಟ್ಟವನಲ್ಲ. ಪಾಪ, ನಿಜವಾಗಿ ಕಂಗಾಲಾದ.

"ಅಣ್ಣಾ, ಇಡೀ ಆಟದಲ್ಲಿ ರಿಯಲ್ ಅಂತ ಇರೋದು ಅದೊಂದೇ. ಬಂದೂಕು ಯಾರ್ ಬೇಕಾದ್ರೂ ಮಾಡ್ತಾರೆ. ಆ ಕೈ ಎಲ್ಲಿ ಸಿಗುತ್ತೆ?"

"ಅದು ನಮ್ಮಪ್ಪಂದು," ಅಂದರು ಇವರು.

ಆತನಿಗೆ ಅರ್ಥವಾಗಲಿಲ್ಲ. ಅಭಿನಯಕ್ಕೆ ಅಪ್ಪನೇ ಸ್ಫೂರ್ತಿ ಎಂದುಕೊಂಡು ಕಣ್ಣಲ್ಲಿ ನೀರು ತಂದುಕೊಂಡ. ಮೂಲೆಯಲ್ಲಿದ್ದ ಮಿಲಿಟರಿಯವರಿಗೆ ಅರ್ಥವಾಯಿತು ಅನ್ನಿಸುತ್ತದೆ. "ತೆಗೆದುಬಿಡಪ್ಪ," ಅಂದರು. ಆದರೆ ನಿಜ ಹೇಗಿರುತ್ತದೆ ಎಂದು ಹೇಳಲು ಇಟ್ಟುಕೊಂಡವರ ಮಾತನ್ನು, ತೆಗೆ ಅಂದಾಗ ಕೇಳುವವರು ಯಾರು? ಆಟ ಆಗಲೇ ಮುಗಿಯುತ್ತ ಬಂದಿತ್ತು.

ಆಟ ಪೇಟೆಗೆ ಬಂತು. ಜನ ಹುಚ್ಚೆದ್ದು ಆಡಿದರು. ಎಲ್ಲರ ಬಾಯಲ್ಲೂ ಆ ಕೈಯದೇ ಮಾತು. ಸಾಯುವಾಗ ಏನು ಹುಡುಕುತ್ತಾನೆ? ಕಠಾರಿ ಅಂತ ಒಬ್ಬ, ಹೆಂಡತಿಯ ಫೋಟೋ ಅಂತ ಇನ್ನೊಬ್ಬ. ನಮ್ಮ ಅಂಗಡಿಗೆ ಪ್ಯಾಂಟ್ ಕೊಡಲು ಬಂದ ಕಾಲೇಜಿನವರು ಕೌಂಟರಿನ ಮುಂದೆಯೇ ಹಾಗೆ ಕೈ ಚಾಚಿ ಬಿದ್ದು ನಗಾಡಿದರು. ಸೂಜಿ ಬೆರಳಿಗೆ ಚುಚ್ಚಿಕೊಂಡೆ. ಪ್ಯಾಂಟನ್ನು ಬೇಕೆಂದೇ ಒಂದಿಂಚು ಗಿಡ್ಡ ಮಾಡಿದೆ, ಅದಕ್ಕೆ ಈಗಲೂ ಬೇಜಾರಿಲ್ಲ.

ಮನೆಯಲ್ಲಿ ಇವರು ಟೀವಿ ಕೆಟ್ಟಿದೆ ಎಂದು ವೈರ್ ಕಿತ್ತಿಟ್ಟರು. ಅತ್ತೆಯ ಫೋನನ್ನು ದಿನಕ್ಕೆ ಹತ್ತು ಸಲ ಇಸಿದುಕೊಂಡು ನೋಡುವರು. ಅತ್ತೆ ಸಂಜೆ ವಾಕಿಂಗ್ ಹೊರಟರೆ ನಾನು ಹಿಂದೆ ಹೋಗಬೇಕು, ಆಳೆತ್ತರದ ಜಾಹೀರಾತು ಅಂಟಿಸಿರುವ ಬೀದಿ ತಪ್ಪಿಸಬೇಕು. ಹೇಳುವುದೂ ಕಷ್ಟ, ಮುಚ್ಚುವುದೂ ಕಷ್ಟ, ಬಾಯಲ್ಲಿಟ್ಟುಕೊಂಡ ಬಿಸಿತುಪ್ಪದಂತಾಯಿತು ನಮ್ಮ ಬಾಳು.

"ಹೇಳಿಬಿಡಿ," ಅಂದೆ ಒಂದು ದಿನ.

"ನೀನು ಹೇಳ್ತೀಯಾ? ಕುರ್ಚಿ ನೀವೇ ತೆಗೆದ್ರಿ ಅಂತ?"

ನಾನು ಹೇಳಲಾರೆ. ಬಾಯಿ ಜೋರಿದ್ದವರಿಗೆಲ್ಲ ಧೈರ್ಯ ಇರುತ್ತದೆ ಅಂತೇನಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅತ್ತೆಯೂ ನಾನೂ ತರಕಾರಿ ತರಲು ಹೋಗಿದ್ದೆವು. ದಿನಾ ಹೋಗುವ ದಾರಿಯಲ್ಲಿ ಪೈಪಿಗಾಗಿ ರಸ್ತೆ ಅಗೆದಿದ್ದರು. ಬಳಸಿ ಹೋಗಬೇಕಾಯಿತು. ತಿರುವಿನಲ್ಲಿ ಟೀವಿ ಮಾರುವ ದೊಡ್ಡ ಅಂಗಡಿ ಇದೆ ಎಂಬುದು ತಿರುಗಿದ ಮೇಲೇ ನನಗೆ ಹೊಳೆದದ್ದು. ಗಾಜಿನ ಹಿಂದೆ ಗೋಡೆ ತುಂಬ ಟೀವಿ, ಎಲ್ಲದರಲ್ಲೂ ಒಂದೇ ಜಾಹೀರಾತು, ಎಲ್ಲದರಲ್ಲೂ ಒಬ್ಬನೇ ಸೈನಿಕ. ಅವನು ಬೀಳುವುದನ್ನು ನಿಧಾನ ಮಾಡಿ ತೋರಿಸುತ್ತಿದ್ದರು.

"ಅತ್ತೆ, ಬನ್ನಿ, ಸೊಪ್ಪು ಖಾಲಿಯಾಗುತ್ತೆ," ಎಂದು ತೋಳು ಎಳೆದೆ.

ಅತ್ತೆ ಬರಲಿಲ್ಲ. ಕೈಚೀಲ ಎದೆಗೆ ಅವುಚಿಕೊಂಡು ನಿಂತುಬಿಟ್ಟರು. ಜಾಹೀರಾತು ಮುಗಿಯಿತು, ಮತ್ತೆ ಶುರುವಾಯಿತು. ಪಕ್ಕದಲ್ಲಿ ಇನ್ನೂ ನಾಲ್ಕಾರು ಜನ ನಿಂತು ನೋಡುತ್ತಿದ್ದರು. ಒಬ್ಬ ಇನ್ನೊಬ್ಬನಿಗೆ "ಎಷ್ಟು ರಿಯಲ್ ಅಲ್ವಾ?" ಅಂದ. ಅತ್ತೆಯ ಎಡಗೈ ತನ್ನಷ್ಟಕ್ಕೆ ಸ್ವಲ್ಪ ಹಿಂದಕ್ಕೆ ಹೋಗಿ ನಿಂತಿತು. ಆಮೇಲೆ ತಿರುಗಿ ಮನೆಯ ಕಡೆ ನಡೆದರು. ನಾನು ಹಿಂದೆಯೇ ಓಡಿದೆ.

ಇವರು ಅಡುಗೆಮನೆಯಲ್ಲಿ ನಿಂತು ಬ್ರೆಡ್ ತಿನ್ನುತ್ತಿದ್ದರು. ಅತ್ತೆ ಚಪ್ಪಲಿ ಕೂಡ ಬಿಡದೆ ಒಳಗೆ ಬಂದರು.

"ನಿಮ್ಮಪ್ಪ ಮಂಚದ ಮೇಲೆ ಹೋಗಲಿಲ್ಲ."

ಇವರು ನನ್ನನ್ನು ನೋಡಿದರು. ನಾನು ಹೇಳಿಲ್ಲ ಎಂದು ತಲೆಯಾಡಿಸಿದೆ.

"ಅಮ್ಮಾ, ಅದು ಆಟ..."

"ಆಟದವರಿಗೆ ನಿಮ್ಮಪ್ಪನ ಕೈ ಎಲ್ಲಿಂದ ಬಂತು?"

ಅತ್ತೆ ಬಾಗಿಲ ಪಕ್ಕದ ಜಾಗ ನೋಡಿದರು. "ಆವತ್ತು ಕುರ್ಚಿ ನಾನು ತಗೊಂಡು ಹೋಗಿದ್ದೆ," ಅಂದರು.

"ಅದಕ್ಕೇ ಅಮ್ಮ ನಾನು ಹೇಳ್ಲಿಲ್ಲ. ನೀನು ಹಚ್ಕೋತೀಯ ಅಂತ."

"ಹಚ್ಕೋತಿದ್ದೆ. ಅತ್ತು ಸಾಯ್ತಿದ್ದೆ. ಅದು ನನ್ನ ಪಾಲಿಂದು." ಅತ್ತೆಯ ದನಿ ಏರಿತು. ಆ ಮನೆಯಲ್ಲಿ ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಅಂಗಡಿ ಮುಂದೆ ದಾರೀಲಿ ಹೋಗೋರೆಲ್ಲ ನಿಂತು ನೋಡ್ತಿದಾರೆ ಕಣೋ. ಊರಿಗೆಲ್ಲ ತೋರಿಸಿದೀಯ. ಕಟ್ಕೊಂಡವಳು ನಾನು, ನನಗೆ ತೋರಿಸ್ಲಿಲ್ಲ."

ಇವರು ಬ್ರೆಡ್ಡನ್ನು ಕೈಯಲ್ಲೇ ಹಿಸುಕುತ್ತ ನಿಂತಿದ್ದರು.

"ತೋರಿಸು."

"ಅಮ್ಮಾ..."

"ತೋರಿಸು ಅಂದೆ."

ಮೊಣಕಾಲು ನೋವಿತ್ತು ಇವರಿಗೆ. ನಾನು ಹಾಸಿಗೆ ತಂದು ಹಾಕಲು ಹೋದೆ. "ಅವರಿಗೆ ಹಾಸಿಗೆ ಹಾಕಿದ್ರಾ?" ಎಂದರು ಅತ್ತೆ. ಅಲ್ಲೇ ನಿಂತೆ.

ಇವರು ಬಾಗಿಲ ಪಕ್ಕಕ್ಕೆ ಹೋದರು. ತಿರುಗಿದರು. ಎಡಗೈ ಹಿಂದಕ್ಕೆ ಹೋಯಿತು, ಗಾಳಿಯನ್ನು ತಟ್ಟಿತು, ಇನ್ನೊಮ್ಮೆ ತಟ್ಟಿತು. ಮೊಣಕಾಲು ಮಡಿಚಿತು. ಗೋದಾಮಿನಲ್ಲಿ ಬಿಟ್ಟದ್ದನ್ನು ಇಲ್ಲಿ ಬಿಡಲಿಲ್ಲ. ತಲೆ ಹೊಸ್ತಿಲಿಗೆ ಬಡಿದ ಸದ್ದಿಗೆ ನಾನು ಕಿರುಚಿದೆ. ಬೀಳುವುದೇ ಕಸುಬಾದ ಮನುಷ್ಯ ಅಷ್ಟು ಕೆಟ್ಟದಾಗಿ ಬಿದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅತ್ತೆ ಕಣ್ಣು ಮುಚ್ಚಲಿಲ್ಲ. ಪೂರ್ತಿ ನೋಡಿದರು.

"ಕುರ್ಚಿ ಇದ್ದಿದ್ರೆ?" ಅಂದರು.

"ಡಾಕ್ಟ್ರು ಹಾರ್ಟು ಅಂದ್ರಲ್ಲಮ್ಮ."

"ಡಾಕ್ಟರನ್ನ ಕೇಳ್ಲಿಲ್ಲ. ಬೀಳೋದು ನಿನ್ನ ಕಸುಬು, ನಿನ್ನ ಕೇಳ್ತಿದೀನಿ. ಕುರ್ಚಿ ಇದ್ದಿದ್ರೆ ಉಳೀತಿದ್ರಾ?"

ಇವರು ಬಿದ್ದಲ್ಲೇ ಮಲಗಿ ಮೇಲ್ಛಾವಣಿ ನೋಡುತ್ತಿದ್ದರು. ಇಲ್ಲಮ್ಮ, ಇದ್ದರೂ ಅಷ್ಟೇ, ಎನ್ನುತ್ತಾರೆಂದು ನಾನು ಕಾದೆ. ಅನ್ನಲಿ ಎಂದು ಬೇಡಿಕೊಂಡೆ. ಅಷ್ಟು ವರ್ಷ ಹೇಳಿದ ಸುಳ್ಳಿನ ಮೇಲೆ ಇನ್ನೊಂದು, ಏನು ಮಹಾ?

"ಗೊತ್ತಿಲ್ಲಮ್ಮ," ಅಂದರು. "ದಿನಾ ಯೋಚಿಸ್ತೀನಿ. ಗೊತ್ತಾಗಲ್ಲ."

ಅತ್ತೆ ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕೂತರು. ಬಹಳ ಹೊತ್ತು ಅತ್ತರು, ಬಾಯಿ ಬಿಟ್ಟು, ಮಾವ ಹೋದ ದಿನವೂ ಹಾಗೆ ಅತ್ತಿರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು, ನಾನು ಹೋಗಿ ಆರಿಸಿ ಬಂದೆ. ಆಮೇಲೆ ಅವರು ಸೆರಗಿನಿಂದ ಮುಖ ಒರೆಸಿಕೊಂಡು ಮಗನ ಹತ್ತಿರ ಸರಿದು, ಅವನ ತಲೆ ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡು, ಹಿಂಭಾಗವನ್ನು ಬೆರಳುಗಳಿಂದ ತಡವಿದರು.

"ಏಟಾಯ್ತೇನೋ?"

"ಹೂಂ," ಅಂದರು ಇವರು. "ಆಗಿದೆಯಮ್ಮ."